ವಿಷಯ: ಮೂರು ವರ್ಷದಿಂದ ಒಂದೂ ಹೂ ಬಿಡದ ಪಿಯೋನಿ, ಮತ್ತು ನೀವು ಕಳಿಸಿದ ತಪ್ಪು ಚೀಟಿ ಬಗ್ಗೆ ದೂರು

ಕಸ್ಟಮರ್ ಕೇರ್‌ನವ್ರಿಗೆ,

ಐದು ಸಲ ಫೋನ್ ಮಾಡಿ ಸಾಕಾಗಿ ಈಗ ಬರೀತಿದ್ದೀನಿ. ಮೂರು ವರ್ಷದ ಹಿಂದೆ ನಿಮ್ಮಿಂದ ಫೆಸ್ಟಿವಾ ಮ್ಯಾಕ್ಸಿಮಾ ಅನ್ನೋ ಪಿಯೋನಿ ಹೂವಿನ ಗೆಡ್ಡೆ ತರಿಸಿದ್ದೆ, ಅದೇ ಬಿಳಿ ಎಸಳಿನ ಮೇಲೆ ಅಲ್ಲಲ್ಲಿ ಕುಂಕುಮ ಚಿಮುಕಿಸಿದ ಹಾಗಿರುತ್ತಲ್ಲ, 1851ರಿಂದ ಜನ ಬೆಳೆಸ್ಕೊಂಡು ಬಂದಿರೋ ತಳಿ. ಗೆಡ್ಡೆಗೆ 3ರಿಂದ 5 ಕಣ್ಣು, ಅಂದ್ರೆ ಚಿಗುರೊಡೆಯೋ ಜಾಗ, ಇರುತ್ತೆ ಅಂತ ನೀವೇ ಹಾಕಿದ್ರಿ, ಬಂದಿದ್ದು ಎರಡು ಕಣ್ಣಿಂದು. ಹೋಗ್ಲಿ ಅಂತ ಸುಮ್ಮನಾದೆ. ಜೊತೆಗೆ ಬಂದ ಚೀಟೀಲಿ 6 ಇಂಚು ಆಳಕ್ಕೆ ನೆಡಿ ಅಂತಿತ್ತು, ಹಾಗೇ ನೆಟ್ಟೆ. ಮೊದಲ ವರ್ಷ ಹೂ ಬರಲ್ಲ ಅಂತ ನಂಗೂ ಗೊತ್ತು, ಎರಡನೇ ವರ್ಷಾನೂ ಕಾದೆ, ಈ ಸಲ ಎಲೆ ಮಾತ್ರ ಸೊಂಪಾಗಿ ಬಂತು, ಮೊಗ್ಗೇ ಇಲ್ಲ.

ಕೊನೇ ಸಲ ಫೋನ್ ಎತ್ತಿದವ್ರು "ಇರುವೆ ತಿಂದಿರುತ್ತೆ ಮೇಡಂ, ಔಷಧಿ ಹೊಡೀರಿ" ಅಂದ್ರು. ಇರುವೆ ಬರೋದು ಮೊಗ್ಗಿನ ಮೇಲಿನ ಸಿಹಿರಸಕ್ಕೆ, ಅದ್ರಿಂದ ಹೂವಿಗೇನೂ ಆಗಲ್ಲ, ಅಲ್ದೆ ಮೊಗ್ಗೇ ಬಂದಿಲ್ಲ ಅಂದೆ. ಹೋಲ್ಡಲ್ಲಿ ಇಟ್ರು. ವಾಪಸ್ ಬಂದು "ಯೂರಿಯಾ ಹಾಕಿ" ಅಂದ್ರು. ಯೂರಿಯಾ ಜಾಸ್ತಿಯಾದ್ರೆ ಎಲೆ ಬರುತ್ತೆ, ಹೂ ಬರಲ್ಲ ಅಂದೆ. ಆಮೇಲೆ ಕೇಳಿದ್ದು, "ಮನೇಲಿ ಗಿಡದ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?" ಪಕ್ಕದಲ್ಲೇ ಮಗಳು ಕೂತಿದ್ಲು, ಸ್ಪೀಕರ್ ಬೇರೆ ಆನ್ ಇತ್ತು. ಇಪ್ಪತ್ತು ವರ್ಷದಿಂದ ಮಣ್ಣಲ್ಲಿ ಕೈ ಇಟ್ಟವಳು ನಾನು, ಒಂದು ಮಾತೂ ಬರ್ದೆ ಫೋನ್ ಇಟ್ಬಿಟ್ಟೆ.

ಅವತ್ತು ಸಂಜೆನೇ ಬೆರಳಲ್ಲಿ ಮಣ್ಣು ಸರಿಸಿ ಮಗಳ ಸ್ಕೇಲ್ ಇಟ್ಟು ನೋಡಿದೆ. ಕೆಂಪು ಕಣ್ಣುಗಳು ಮೇಲ್ಮಣ್ಣಿಂದ ಸರಿಯಾಗಿ ಆರಿಂಚು ಕೆಳಗೆ. ಈ ಜಾತಿ ಪಿಯೋನಿಗೆ ಕಣ್ಣಿನ ಮೇಲೆ 2 ಇಂಚಿಗಿಂತ ಜಾಸ್ತಿ ಮಣ್ಣಿರಬಾರದು, ಆಳವಾದ್ರೆ ಎಲೆ ಬರುತ್ತೆ ಹೂ ಬರಲ್ಲ ಅನ್ನೋದು ಗಿಡ ಮಾರೋ ನಿಮಗೆ ಗೊತ್ತಿಲ್ದೆ ಇರುತ್ತಾ? ಆರಿಂಚು ಬೇಕಾಗೋದು ಕಸಿ ಕಟ್ಟಿದ ಮರ ಪಿಯೋನಿಗೆ, ಅಂದ್ರೆ ಕಾಂಡ ಕಟ್ಟಿಗೆ ಥರ ಗಟ್ಟಿಯಾಗೋ ಬೇರೆ ಜಾತಿಗೆ. ಅದರ ಚೀಟೀನ ಇದಕ್ಕೆ ಹಾಕಿ ಕಳಿಸಿದ್ದೀರಿ.

ಈಗ ಎಲೆ ಒಣಗೋ ಕಾಲಕ್ಕೆ ಗೆಡ್ಡೆ ಕಿತ್ತು ಮೇಲಕ್ಕೆ ನೆಡಬೇಕು, ಮತ್ತೆ ಎರಡು ವರ್ಷ ಕಾಯ್ಬೇಕು. ಐವತ್ತು ವರ್ಷ ಒಂದೇ ಜಾಗದಲ್ಲಿ ಬಾಳೋ ಗಿಡ ಅಂತ ಮಗಳಿಗೋಸ್ಕರ ನೆಟ್ಟಿದ್ದು ನಾನು. ನಿಮ್ಮ ಗ್ಯಾರಂಟಿ ಪ್ರಕಾರ ಹೊಸ ಗೆಡ್ಡೆ ಕೊಡಿ, 3 ಕಣ್ಣಿಗೆ ಕಮ್ಮಿ ಇದ್ರೆ ವಾಪಸ್ ಕಳಿಸ್ತೀನಿ. ಚೀಟಿ, ಸ್ಕೇಲ್ ಇಟ್ಟು ತೆಗೆದ ಫೋಟೋ, ಐದು ಕಾಲ್‌ನ ತಾರೀಖು ಎಲ್ಲಾ ಎತ್ತಿಟ್ಟಿದ್ದೀನಿ. ಹದಿನೈದು ದಿನ ನೋಡ್ತೀನಿ, ಆಮೇಲೆ ಗ್ರಾಹಕರ ಕೋರ್ಟಲ್ಲೇ ಮಾತಾಡೋಣ. ಆ ಫೋನಲ್ಲಿ ಮಾತಾಡಿದವ್ರನ್ನೂ ಅಲ್ಲಿಗೇ ಕರ್ಕೊಂಡು ಬನ್ನಿ.