ಹೆಸರು ಹೇಳದೆ ಹೋದ ಅಕ್ಕನಿಗೆ ಥ್ಯಾಂಕ್ಸ್

ಜಯನಗರ ನಾಲ್ಕನೇ ಬ್ಲಾಕಿನ ಪ್ರಿಂಟಿಂಗ್ ಅಂಗಡಿಯಲ್ಲಿ ಶನಿವಾರ ಸಂಜೆ ಸಹಾಯ ಮಾಡಿದ ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್. ನಾನು ಪ್ರಿಂಟ್‌ಗೆ ತಂದಿದ್ದು ನಮ್ಮ ಬಡಾವಣೆಯ ರಾಜ್ಯೋತ್ಸವದ ಬ್ಯಾನರ್‌ಗೆ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಅಕ್ಷರ. ರೆಂಡರ್ ಮಾಡಿದರೆ, ಅಂದರೆ ಕೊನೆಯ ಚಿತ್ರ ತೆಗೆದರೆ, 'ಕ'ದ ತಲೆಕಟ್ಟು ಪೂರ್ತಿ ಬಿಳಿಚಿಕೊಂಡು ಬರುತ್ತಿತ್ತು. ನೀವು ಔಟ್‌ಲೈನರ್‌ನಲ್ಲಿ (ದೃಶ್ಯದಲ್ಲಿರುವ ಎಲ್ಲದರ ಪಟ್ಟಿ) ಅಡಗಿದ್ದ ಲೈಟ್ ಹುಡುಕಿ ತೋರಿಸಿದಿರಿ. ಆ ಪಟ್ಟಿಯಲ್ಲಿರುವ ಕಣ್ಣಿನ ಗುರುತು ಮುಚ್ಚಿದರೆ ಲೈಟ್ ಕೆಲಸದ ಪರದೆಯಿಂದ ಮಾತ್ರ ಮರೆಯಾಗುತ್ತದೆ, ರೆಂಡರ್‌ನಲ್ಲಿ ಉರಿಯುತ್ತಲೇ ಇರುತ್ತದೆ. ಅದನ್ನು ತಡೆಯಲು ಪಕ್ಕದ ಕ್ಯಾಮೆರಾ ಗುರುತನ್ನೇ ಒತ್ತಬೇಕು. ಇದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ ಅಲ್ವಾ!

ನೀವು ಅದನ್ನು ಸುಮ್ನೆ ಆರಿಸಿಬಿಡಲಿಲ್ಲ. ಪವರ್ ಇಳಿಸಿ, ಆ ಏರಿಯಾ ಲೈಟಿನ (ಹಲಗೆಯಂತೆ ಅಗಲವಾಗಿ ಬೆಳಕು ಚೆಲ್ಲುವ ಲೈಟ್) ಸೈಜ್ ಜಾಸ್ತಿ ಮಾಡಿದಿರಿ. ನೆರಳಿನ ಅಂಚು ಮೆತ್ತಗಾಯಿತು, ಅಕ್ಷರದ ದಪ್ಪ ಎದ್ದು ಕಂಡಿತು. ಅದೂ ನಿಮ್ಮ ಸರದಿ ಬಿಟ್ಟುಕೊಟ್ಟು! ನವೆಂಬರ್ 1ಕ್ಕೆ ಬ್ಯಾನರ್ ಕಟ್ಟುತ್ತೇವೆ, ದಯವಿಟ್ಟು ಬನ್ನಿ ಅಕ್ಕಾ.