ನಗುತ್ತಾರೆ ಅಂತ ಬರೆದಿದ್ದೀಯಲ್ಲ

ಚಿ. ಶ್ವೇತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದು ಹಾಗಿರಲಿ. "ಕ್ಲಾಸಿನಲ್ಲಿ ಕನ್ನಡ ಮೀಡಿಯಮ್ಮಿನವಳು ನಾನೊಬ್ಬಳೇ, ಬಾಯಿ ಬಿಟ್ಟರೆ ನಗುತ್ತಾರೆ, ಅದಕ್ಕೇ ಯಾವ ಸಂಘಕ್ಕೂ ಹೆಸರು ಕೊಟ್ಟಿಲ್ಲ" ಅಂತ ಕೊನೆಯಲ್ಲಿ ಬರೆದೆಯಲ್ಲ, ಅಲ್ಲಿಂದ ಮುಂದೆ ನನ್ನ ಮನಸ್ಸು ಕದಲುತ್ತಿಲ್ಲ. ಇಂಗ್ಲಿಷು ಇವತ್ತಲ್ಲ ನಾಳೆ ಬರುತ್ತೆ ಮಗಳೇ. ಪಿಯುಸಿಯ ಎರಡು ವರ್ಷ ಬಾಯಿ ಮುಚ್ಚಿ ಕೂತು ಅದೇ ಅಭ್ಯಾಸವಾಗಿಬಿಟ್ಟರೆ ಅನ್ನುವುದೇ ನನ್ನ ಚಿಂತೆ.

ಈ ಹೆದರಿಕೆಯನ್ನು ಇಂಜಿನಿಯರಿಂಗಿನಂಥ ಸೀಟುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಗೂ ಅಂಟಿಸಿಕೊಂಡಿದ್ದೀಯ. ದಯವಿಟ್ಟು ಅವೆರಡನ್ನೂ ಬೇರೆ ಬೇರೆ ಇಡು. ಸಿಇಟಿಯಲ್ಲಿ ಯಾರೂ ನಿನ್ನನ್ನು ಮಾತಾಡಿಸುವುದಿಲ್ಲ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ್ದಕ್ಕೂ ಉತ್ತರ ಪತ್ರಿಕೆಯಲ್ಲಿ ಒಂದು ಗುಂಡಿ ತುಂಬಿಯೇ ಬರಬೇಕು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಬೋರ್ಡ್ ಪರೀಕ್ಷೆ ಹೇಗಾದರೂ ಆಗುತ್ತೆ ಅಂತ ಕೋಚಿಂಗ್ ಪುಸ್ತಕವನ್ನಷ್ಟೇ ತಿರುವುವ ಮಕ್ಕಳು ಎಡವುವುದು ಈ ಎರಡನೇ ಅರ್ಧದಲ್ಲಿ. ನಿನ್ನಂಥವರಿಗೆ ತೊಡಕಾಗುವುದು ಪಾರಿಭಾಷಿಕ ಪದ, ಅದೂ ಮೊದಲ ಕೆಲವು ತಿಂಗಳು ಮಾತ್ರ. ದ್ರವ್ಯರಾಶಿಗೆ ಮಾಸ್, ವೇಗೋತ್ಕರ್ಷಕ್ಕೆ ಆಕ್ಸಿಲರೇಷನ್, ಸಂವೇಗಕ್ಕೆ ಮೊಮೆಂಟಮ್ ಅಂತ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲಾಗಿ ಬರೆದುಕೊಳ್ಳುತ್ತಾ ಹೋಗು. ಆಯಾ ದಿನದ ಪಾಠದ್ದು ಆ ದಿನವೇ. ವಾರಕ್ಕೊಮ್ಮೆ ಬರೆಯುತ್ತೇನೆ ಅಂದರೆ ರಾಶಿ ಬೀಳುತ್ತದೆ, ಆಮೇಲೆ ಕೈಗೇ ಹತ್ತುವುದಿಲ್ಲ.

ನಗುತ್ತಾರೆ ಅಂದೆಯಲ್ಲ. ಒಬ್ಬಿಬ್ಬರು ನಕ್ಕಾರು, ಇಲ್ಲ ಅನ್ನುವುದಿಲ್ಲ. ಆದರೆ ಡಿಬೇಟ್ ಕ್ಲಬ್ಬಿನ ಬಾಗಿಲಲ್ಲಿ ನಿಂತು ನೋಡಿ ಇಡೀ ಕಾಲೇಜೇ ಹಾಗೆ ಅಂದುಕೊಂಡಿದ್ದೀಯೇನೋ ಅನ್ನಿಸಿತು. ನಿಮ್ಮ ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಇದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ. ಮನೆ ಮನೆ ಸಮೀಕ್ಷೆಗೆ ಹೋದಾಗ ಅಜ್ಜಿಯರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದರೆ ಕೆಲಸ ಆಗುತ್ತದೆಯೇ? ಅಲ್ಲಿ ಉಳಿದವರೇ ನಿನ್ನ ಹಿಂದೆ ಬರುತ್ತಾರೆ. ಶಿಬಿರದಲ್ಲಿ ಆಯಾ ದಿನದ ಕೆಲಸದ ವರದಿಯನ್ನು ತಂಡದಿಂದ ಒಬ್ಬರು ಎದ್ದು ಓದುವ ರೂಢಿಯಿದೆ. ಅದನ್ನು ನೀನೇ ಕೇಳಿ ತೆಗೆದುಕೋ. ಎಷ್ಟು ಗಂಟೆಗೆ ಎದ್ದದ್ದು, ಯಾರು ಎಲ್ಲಿ ಚರಂಡಿ ತೆಗೆದದ್ದು, ಎಷ್ಟು ಮನೆ ಸುತ್ತಿದ್ದು, ಏನು ಅರ್ಧಕ್ಕೆ ನಿಂತಿತು, ಇಷ್ಟೇ. ಒಂದು ಪುಟ ಸಾಕು. ಕನ್ನಡದಲ್ಲೇ ಬರೆದು, ತಲೆ ಎತ್ತಿ ಓದು. ಸೀಟಿಗೋಸ್ಕರ ಸೇರು ಅಂತ ನಾನು ಹೇಳುತ್ತಿಲ್ಲ. ಪರೇಡಿನ ಆಸೆಯಿದ್ದರೆ ಎನ್‌ಸಿಸಿಯೂ ಇದೆ, ಸಿಇಟಿಯಲ್ಲಿ ಅದಕ್ಕೆ ಬೇರೆ ಕೋಟಾವೂ ಇದೆ. ಆದರೆ ಅಲ್ಲಿ ಹಾಜರಾತಿ ಬಿಗಿ, ಕ್ಯಾಂಪ್ ತಪ್ಪಿಸಿದರೆ ಪ್ರಮಾಣಪತ್ರದ ಪರೀಕ್ಷೆಗೆ ಕೂರುವಂತಿಲ್ಲ. ಲ್ಯಾಬ್ ಇರುವ ನಿನಗೆ ಎರಡನ್ನೂ ಹಚ್ಚಿಕೊಳ್ಳುವುದು ಕಷ್ಟ.

ನಾವು ಓದುವ ಕಾಲಕ್ಕೆ ಹುಡುಗಿಯರಿಗೆ ಸಂಘವೆಂದರೆ ರಂಗೋಲಿ, ಪ್ರಾರ್ಥನೆ, ಅತಿಥಿಗೆ ಹೂಗುಚ್ಛ ಕೊಡುವುದು, ಅಷ್ಟೇ. ಮೈಕು ಹುಡುಗರ ಪಾಲು. ಆ ಕೊರಗು ನನಗೆ ಇನ್ನೂ ಹೋಗಿಲ್ಲ. ನಿನಗೆ ಇಷ್ಟು ಒತ್ತಿ ಬರೆಯುತ್ತಿರುವುದೂ ಅದಕ್ಕೇ ಇರಬೇಕು.

ಹೂಂ, ಮೈಕಿನ ಮಾತು. ಮೊದಲ ಸಲಕ್ಕೆ ನಿರೂಪಣೆ ಬೇಡ, ವಂದನಾರ್ಪಣೆ ಕೇಳು. ಎರಡು ನಿಮಿಷದ ಕೆಲಸ, ಒಕ್ಕಣೆ ಹೆಚ್ಚು ಕಡಿಮೆ ಸಿದ್ಧವೇ ಇರುತ್ತದೆ. ಕೆಡುವುದು ಹೆಸರುಗಳಲ್ಲಿ. ಆಹ್ವಾನ ಪತ್ರಿಕೆಯಲ್ಲಿದ್ದ ಅತಿಥಿ ಬಂದಿರುವುದಿಲ್ಲ, ಬದಲಿಗೆ ಬಂದವರ ಹೆಸರು ಕೈಯಲ್ಲಿರುವುದಿಲ್ಲ. ಕಾರ್ಯಕ್ರಮ ಶುರುವಾದ ಮೇಲೆ ವೇದಿಕೆಯಲ್ಲಿ ಕೂತವರನ್ನು ಎಡದಿಂದ ಬಲಕ್ಕೆ ನೋಡಿ, ಹೆಸರು ಹುದ್ದೆ ಎರಡನ್ನೂ ಉಪನ್ಯಾಸಕರನ್ನು ಕೇಳಿ, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೋ. ತೆಳು ಹಾಳೆ ಕೈಯಲ್ಲಿ ನಡುಗಿದರೆ ಎಲ್ಲರಿಗೂ ಕಾಣುತ್ತದೆ, ರಟ್ಟು ಕಾಣಗೊಡುವುದಿಲ್ಲ. ಎರಡು ಮೂರು ಸಲ ಕನ್ನಡದಲ್ಲಾದ ಮೇಲೆ ಇಂಗ್ಲಿಷಿನಲ್ಲಿ ಮಾಡು. ಹೆಸರುಗಳು ಎರಡರಲ್ಲೂ ಅವೇ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಗುತ್ತಾರೆ ಅಂತ ನೀನು ಮುಚ್ಚಿಡುತ್ತಿರುವ ಆ ಕನ್ನಡ ಮೀಡಿಯಮ್ಮಿಗೇ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲಿದೆ, ಗೊತ್ತೇ? 1ರಿಂದ 10ನೇ ತರಗತಿವರೆಗೆ ಕನ್ನಡದಲ್ಲೇ ಓದಿರಬೇಕು, ನೀನು ಓದಿದ್ದೀಯ. ಗ್ರಾಮೀಣಕ್ಕೆ ಶೇ. 15 ಇದೆ. ಅದಕ್ಕೂ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹೈಸ್ಕೂಲನ್ನು ತಿಪಟೂರಿನಲ್ಲಿ ಓದಿದ್ದರಿಂದ ನಿನಗೆ ಅದು ಬರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡ. ಅರ್ಜಿಯಲ್ಲಿ ಕನ್ನಡ ಮಾಧ್ಯಮದ ಕಡೆ ಹೌದು ಅಂತ ಹಾಕುವುದನ್ನು ಮರೆಯಬಾರದು.

ನೀನು ಎರಡು ಶಾಲೆಯಲ್ಲಿ ಓದಿದವಳು, ಆದ್ದರಿಂದ ವ್ಯಾಸಂಗ ಪ್ರಮಾಣಪತ್ರವೂ ಎರಡು ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಯಾವ ವರ್ಷದಿಂದ ಯಾವ ವರ್ಷಕ್ಕೆ ಯಾವ ತರಗತಿ ಅಂತ ಬಿಡಿಬಿಡಿಯಾಗಿ ಇರಬೇಕು, ನಡುವೆ ಒಂದು ವರ್ಷ ಬಿಟ್ಟಿದ್ದರೂ ತಕರಾರು ಬರುತ್ತದೆ. ಶಾಲೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಾಧ್ಯಮ ಕನ್ನಡ ಅಂತಲೇ ಇದೆಯೇ ಅಂತ ಅಲ್ಲೇ ತೆಗೆಸಿ ನೋಡು. ತಪ್ಪಿದ್ದರೆ ಶಾಲೆಯಿಂದಲೇ ಸರಿಪಡಿಸಬೇಕು. ಹೆಸರಿನ ಇನಿಶಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಒಂದೇ ಥರ ಇರಲಿ. ಅರ್ಜಿ ಶುರುವಾದ ಮೇಲೆ ಬಿಇಒ ಕಚೇರಿಯಲ್ಲಿ ನೂಕುನುಗ್ಗಲು. ಆದ್ದರಿಂದ ದಸರಾ ರಜೆ ಶುರುವಾಗುವ ಮೊದಲೇ ಒಂದು ಶನಿವಾರ ಅಪ್ಪನ ಜೊತೆ ಊರಿನ ಶಾಲೆಗೆ ಹೋಗಿ ಮನವಿ ಕೊಟ್ಟು ಬಾ. ಎನ್‌ಎಸ್‌ಎಸ್‌ಗೆ ಹೆಸರು ಕೊಟ್ಟೆಯೋ ಇಲ್ಲವೋ ಅಂತ ತಿರುಗಿ ಬರಿ.

ಇಂತಿ,
ನಿನ್ನ ದೊಡ್ಡಮ್ಮ