ನಾಳೆಯ ನೇತ್ರಾಣಿ ಟ್ರಿಪ್: ಹೊರಡುವವರು ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ನಾಳೆ ಸ್ನಾರ್ಕೆಲಿಂಗ್‌ಗೆ (ಕಣ್ಣು-ಮೂಗು ಮುಚ್ಚುವ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು) ಬರುವವರು ಬೆಳಿಗ್ಗೆ 6:30ಕ್ಕೆ ಲಾಡ್ಜ್ ಗೇಟಿನ ಹತ್ತಿರ ಸೇರಿ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ದೋಣಿ ಚೆನ್ನಾಗಿಯೇ ತೂಗಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಎರಡು ಇಡ್ಲಿ ಸಾಕು. ವಾಕರಿಕೆ ಆಗುವವರು ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತಗೊಳ್ಳಿ. ದ್ವೀಪದ ಮೇಲೆ ಇಳಿಯಲು ಬಿಡುವುದಿಲ್ಲ, ಹಾಗಾಗಿ ಈಜುಡುಗೆ ಹಾಕಿಕೊಂಡೇ ಬನ್ನಿ. ಮೇಲೆ ತುಂಬು ತೋಳಿನ ಟೀ ಶರ್ಟ್ ಇರಲಿ. ಮುಖ ನೀರಲ್ಲಿದ್ದಾಗ ಬೆನ್ನು ಸುಡುವುದು ಗೊತ್ತೇ ಆಗಲ್ಲ.

ಮಾಸ್ಕ್ ಗಾಜಿನ ಒಳಬದಿಗೆ ಸ್ವಲ್ಪ ಉಗುಳು ಸವರಿ ತೊಳೆದರೆ ಮಬ್ಬಾಗುವುದಿಲ್ಲ. ಅಂಚಿಗೆ ಕೂದಲು ಸಿಕ್ಕಿದರೆ ನೀರು ನುಗ್ಗುತ್ತದೆ, ಉದ್ದ ಕೂದಲಿನವರು ಬಿಗಿಯಾಗಿ ಕಟ್ಟಿಕೊಳ್ಳಿ.

ಈಜು ಬರದವರೂ ಧೈರ್ಯವಾಗಿ ಬನ್ನಿ, ಆದರೆ ಲೈಫ್ ಜಾಕೆಟ್ ತೆಗೆಯುವ ಹಾಗಿಲ್ಲ. ಈಜು ಬರುವವರೂ ಅಷ್ಟೇ. ಹವಳವನ್ನು ದಯವಿಟ್ಟು ಮುಟ್ಟಬೇಡಿ, ಮೇಲೆ ಕಾಲಿಡಬೇಡಿ. ನೋಡಲು ಕಲ್ಲಿನ ಹಾಗಿದ್ದರೂ ಅದು ಜೀವ ಇರುವಂಥದ್ದು, ಮುರಿದರೆ ಬೆಳೆಯಲು ವರ್ಷಗಳೇ ಬೇಕು.

ಕಡಲು ಒರಟಾಗಿದ್ದರೆ ದೋಣಿ ಬಿಡುವುದಿಲ್ಲ. ಆಗ ಯಾರೂ ದೋಣಿಯವರನ್ನು ಒತ್ತಾಯಿಸಬೇಡಿ, ಪ್ಲೀಸ್.

ಬರುವವರು ಇವತ್ತು ರಾತ್ರಿ 8ರೊಳಗೆ ಹೆಸರು ಹಾಕಿ, ಈಜು ಬರುತ್ತೋ ಇಲ್ವೋ ಅದನ್ನೂ ಬರೆಯಿರಿ. ಆಸ್ತಮಾ, ಹೃದಯದ ತೊಂದರೆ ಇದ್ದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.